ಖಾಲಿ ಲಾರಿಯ ತೂಕ

ಕುಶಾಲನಗರದ ಹೊರಗೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಹನ್ನೊಂದು ವರ್ಷ ಲಾರಿಗಳನ್ನು ತೂಗಿದ್ದೇನೆ. ಎಸ್ಟೇಟುಗಳಿಂದ ಒಣಗಿದ ಕಾಫಿ ಹಣ್ಣು ಮೂಟೆಗಳಲ್ಲಿ ಬರುತ್ತದೆ. ಇಲ್ಲಿ ಅದರ ಸಿಪ್ಪೆ ಬಿಡಿಸಿ, ಬೀಜ ವಿಂಗಡಿಸಿ ಹೊರಗೆ ಕಳಿಸುತ್ತಾರೆ. ಒಳಗೆ ಬರುವ ಪ್ರತಿ ಲಾರಿಯೂ ಮೊದಲು ಗೇಟಿನ ಪಕ್ಕದ ವೇಬ್ರಿಡ್ಜ್ ಹತ್ತಬೇಕು. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ಅಟ್ಟಣೆ ಅದು. ಲೋಡ್ ಸಮೇತ ಒಂದು ಸಲ ತೂಕ, ಮೂಟೆ ಇಳಿಸಿದ ಮೇಲೆ ಖಾಲಿ ಲಾರಿಯ ತೂಕ ಇನ್ನೊಂದು ಸಲ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿದದ್ದು ಕಾಫಿ. ನನ್ನ ಕೆಲಸ ಇಷ್ಟೇ ಆಗಿತ್ತು.

ನಮ್ಮಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಜೋಳ, ಶುಂಠಿ ಬೆಳೆದವರು. ನಾನು ಪಿಯುಸಿ ಮುಗಿಸಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಕೊಂಡಿದ್ದೆ. ವೇಬ್ರಿಡ್ಜಿಗೆ ಕಂಪ್ಯೂಟರ್ ಗೊತ್ತಿರುವವರು ಬೇಕು ಅಂತ ಯಾರೋ ಹೇಳಿದರು, ಹೋಗಿ ಸೇರಿಕೊಂಡೆ. ಲಾರಿಗಳ ನಡುವೆ ಹೆಂಗಸೊಬ್ಬಳು ಕೂತಿರುವುದನ್ನು ಮೊದಲ ಕೆಲವು ತಿಂಗಳು ಜನ ನೋಡಿದರು, ಆಮೇಲೆ ಬಿಟ್ಟರು.

ನನ್ನ ಕ್ಯಾಬಿನ್ನಿನಲ್ಲಿ ಎರಡು ಯಂತ್ರಗಳಿದ್ದವು. ಒಂದು ಇಂಡಿಕೇಟರ್, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅಟ್ಟಣೆಯ ಕೆಳಗಿನ ಸೆನ್ಸರುಗಳು ಕಂಡ ಭಾರವನ್ನು ಅದು ಕೆಂಪು ಅಂಕಿಗಳಲ್ಲಿ ತೋರಿಸುತ್ತಿತ್ತು. ಇನ್ನೊಂದು ಕಂಪ್ಯೂಟರ್. ಅದು ಇಂಡಿಕೇಟರಿನಿಂದ ತೂಕವನ್ನು ತೆಗೆದುಕೊಂಡು, ಲಾರಿ ನಂಬರಿನ ಮುಂದೆ ಸೇರಿಸಿ, ಚೀಟಿ ಅಚ್ಚು ಮಾಡುತ್ತಿತ್ತು. ಎರಡರ ನಡುವೆ ಬೂದು ಬಣ್ಣದ ಒಂದು ವೈರು. ಆ ವೈರಿನ ಬಗ್ಗೆ ನಾನು ಮೊದಲೆರಡು ವರ್ಷ ಏನೂ ಯೋಚಿಸಿರಲಿಲ್ಲ.

ಒಂದು ಮಳೆಗಾಲ ಕರೆಂಟು ಹೋಗಿ ಬಂದ ಮೇಲೆ ಪರದೆಯಲ್ಲಿ ತೂಕ ಇರಬೇಕಾದ ಜಾಗದಲ್ಲಿ ಚೌಕಗಳು, ಪ್ರಶ್ನೆ ಗುರುತುಗಳು, ಯಾವ ಭಾಷೆಯದ್ದೂ ಅಲ್ಲದ ಅಕ್ಷರಗಳು ಬರತೊಡಗಿದವು. ಇಂಡಿಕೇಟರಿನ ಮೇಲೆ ಮಾತ್ರ ತೂಕ ಸರಿಯಾಗಿಯೇ ಇತ್ತು. ತೂಕದ ಯಂತ್ರಗಳನ್ನು ರಿಪೇರಿ ಮಾಡುವವರು ಮೈಸೂರಿನಲ್ಲಿದ್ದರು. ಐವತ್ತು ದಾಟಿದ, ಯಾವಾಗಲೂ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲೇ ಬರುವ ಮನುಷ್ಯ. ಅವರಿಗೆ ಫೋನ್ ಮಾಡಿದೆ. ಏನೂ ಕೆಟ್ಟಿಲ್ಲ, ಎರಡು ಯಂತ್ರಗಳ ವೇಗ ಬೇರೆಬೇರೆ ಆಗಿದೆ ಅಷ್ಟೆ ಅಂದರು. ಕರೆಂಟು ಹೋದಾಗ ಇಂಡಿಕೇಟರ್ ತನ್ನ ಹಳೆಯ ವೇಗಕ್ಕೆ ಮರಳಿತ್ತು. ಅದು ಸೆಕೆಂಡಿಗೆ ಎರಡು ಸಾವಿರದ ನಾನೂರು ಮಿಡಿತದಲ್ಲಿ ಕಳಿಸುತ್ತಿತ್ತು, ಕಂಪ್ಯೂಟರ್ ಒಂಬತ್ತು ಸಾವಿರದ ಆರುನೂರರಲ್ಲಿ ಓದುತ್ತಿತ್ತು. ಅವರು ಫೋನಿನಲ್ಲೇ ಯಾವ ಗುಂಡಿ ಒತ್ತಬೇಕು ಅಂತ ಹೇಳಿಕೊಟ್ಟರು. ಎರಡೂ ಒಂದೇ ವೇಗಕ್ಕೆ ಬಂದ ಕೂಡಲೇ ಅಂಕಿಗಳು ಅಂಕಿಗಳಾದವು.

ಮುಂದಿನ ಸಲ ಬಂದಾಗ ಅವರು ನನಗೆ ಇನ್ನಷ್ಟು ತೋರಿಸಿದರು. ತೂಕದ ಸಾಫ್ಟ್‌ವೇರ್ ಮುಚ್ಚಿ, ಬರೀ ಕಪ್ಪು ಪರದೆಯೊಂದನ್ನು ತೆರೆದರು. ಅದರಲ್ಲಿ ತೂಕದ ಸಾಲುಗಳು ಒಂದರ ಕೆಳಗೊಂದು ಓಡುತ್ತಿದ್ದವು, ಸೆಕೆಂಡಿಗೆ ಎಂಟು ಹತ್ತು. ಅಟ್ಟಣೆ ಖಾಲಿ ಇದ್ದುದರಿಂದ ಎಲ್ಲವೂ ಸೊನ್ನೆ. ಕಳಿಸುವುದಕ್ಕೆ ಇರುವುದು ಒಂದೇ ತಂತಿ, ಹಾಗಾಗಿ ಅಕ್ಷರಗಳು ಒಂದರ ಹಿಂದೆ ಒಂದು ಹೋಗಬೇಕು, ಒಂದು ಅಕ್ಷರವನ್ನೂ ಎಂಟು ಮಿಡಿತಗಳಾಗಿ ಬಿಡಿಸಿ ಕಳಿಸುತ್ತದೆ ಅಂತ ವಿವರಿಸಿದರು. ಆಮೇಲೆ ವೈರನ್ನು ಕಂಪ್ಯೂಟರಿನಿಂದ ಕಿತ್ತರು. ಸಾಲುಗಳು ನಿಂತವು. ಇಂಡಿಕೇಟರ್ ಕಡೆ ಕೈ ತೋರಿಸಿ ಅಂದರು:

"ಇದಕ್ಕೆ ಕೇಳೋರು ಇದ್ದಾರೋ ಇಲ್ವೋ ಗೊತ್ತಿಲ್ಲಮ್ಮ. ಈಗ್ಲೂ ಕಳಿಸ್ತಾನೇ ಇದೆ."

ನನಗೆ ಆ ವಿದ್ಯೆ ಇಷ್ಟವಾಯಿತು. ಆಮೇಲೆ ಚಿಕ್ಕಪುಟ್ಟ ತೊಂದರೆಗಳಿಗೆ ಮೈಸೂರಿಗೆ ಫೋನ್ ಮಾಡುವುದನ್ನು ಬಿಟ್ಟೆ. ವೈರಿನ ತುದಿ ಬಿಚ್ಚಿ, ಬಿಟ್ಟುಹೋದ ತಂತಿಯನ್ನು ನಾನೇ ಬೆಸುಗೆ ಹಾಕುತ್ತಿದ್ದೆ. ಮ್ಯಾನೇಜರ್ ಇದನ್ನು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದರು. ನನಗೂ ಸ್ವಲ್ಪ ಹೆಮ್ಮೆ ಇತ್ತು.

ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ಅದರ ಹಿಂಭಾಗದಲ್ಲಿ ಒಂಬತ್ತು ಪಿನ್ನಿನ ಆ ಹಳೆಯ ಸಾಕೆಟ್ ಇರಲಿಲ್ಲ. ಹೊಸ ಕಂಪ್ಯೂಟರುಗಳಲ್ಲಿ ಅದು ಬರುವುದಿಲ್ಲ. ನಡುವೆ ಒಂದು ಕನ್ವರ್ಟರ್ ಹಾಕಿ, ಯುಎಸ್‌ಬಿ ಜಾಗಕ್ಕೆ ಸಿಕ್ಕಿಸಿದೆವು. ಹೊಸ ಮೇಜು ಬಂದಾಗ ಇಂಡಿಕೇಟರ್ ನನ್ನ ಬೆನ್ನ ಹಿಂದಿನ ಶೆಲ್ಫಿಗೆ ಹೋಯಿತು. ಹೊರಗೆ ಡ್ರೈವರುಗಳಿಗೆ ಕಾಣುವಂತೆ ಇದ್ದ ದೊಡ್ಡ ಅಂಕಿಯ ಬೋರ್ಡು ಏಪ್ರಿಲ್ ಸಿಡಿಲಿಗೆ ಸುಟ್ಟುಹೋಗಿತ್ತು, ಅದನ್ನು ಯಾರೂ ಬದಲಾಯಿಸಲಿಲ್ಲ. ಹೀಗೆ ತೂಕ ಅನ್ನುವುದು ನನ್ನ ಪರದೆಯಲ್ಲಿ ಮಾತ್ರ ಉಳಿಯಿತು.

ಆ ಕನ್ವರ್ಟರ್ ಸಡಿಲವಾಗಿತ್ತು. ಪಕ್ಕದ ಶೆಡ್ಡಿನಲ್ಲಿ ಸಿಪ್ಪೆ ಬಿಡಿಸುವ ಮೆಷಿನ್ ಶುರುವಾದಾಗ ಮೇಜು ನಡುಗುತ್ತಿತ್ತು, ಸಂಪರ್ಕ ಒಂದೆರಡು ನಿಮಿಷ ತಪ್ಪಿ ತಾನೇ ಮತ್ತೆ ಬರುತ್ತಿತ್ತು. ತಪ್ಪಿದಾಗೆಲ್ಲ ಪರದೆಯ ನಡುವೆ ಕೆಂಪು ಚೌಕಟ್ಟು ಎದ್ದು, ತೂಕ ಬರುತ್ತಿಲ್ಲ ಅಂತ ಬೀಪ್ ಹೊಡೆಯುತ್ತಿತ್ತು. ಅದನ್ನು ಒತ್ತಿ ತೆಗೆಯಬೇಕು, ಮತ್ತೆ ಏಳುತ್ತಿತ್ತು. ಡಿಸೆಂಬರಿನಲ್ಲಿ ಲಾರಿಗಳ ಸಾಲು ರಸ್ತೆಯವರೆಗೆ ಇರುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ, ಈ ಬೀಪ್ ನಿಲ್ಲಿಸುವ ದಾರಿ ಇದೆಯಾ ಅಂತ ಕೇಳಿದೆ. ಸೆಟ್ಟಿಂಗಿನಲ್ಲಿ ಒಂದು ಚೌಕ ಇದೆ, ಟಿಕ್ ಹಾಕಿದರೆ ಎಚ್ಚರಿಕೆ ಬರುವುದಿಲ್ಲ, ಸಂಪರ್ಕ ಬರುವವರೆಗೂ ಕೊನೆಗೆ ಬಂದ ತೂಕವೇ ಪರದೆಯಲ್ಲಿ ನಿಂತಿರುತ್ತದೆ, ಆದರೆ ಆಗಾಗ ಇಂಡಿಕೇಟರ್ ನೋಡಿಕೊಳ್ಳಬೇಕು ಅಂದರು. ನೋಡಿಕೊಳ್ಳುತ್ತೇನೆ ಅಂದೆ. ಟಿಕ್ ಹಾಕಿದೆ. ಒಂದು ವಾರ ಕತ್ತು ತಿರುಗಿಸಿ ನೋಡಿದೆ. ಆಮೇಲೆ ನೋಡಲಿಲ್ಲ.

ಫೆಬ್ರವರಿಯ ಒಂದು ದಿನ ನೆಲ್ಯಹುದಿಕೇರಿ ಆಚೆಯ ಎಸ್ಟೇಟಿನಿಂದ ನೂರ ಅರವತ್ತು ಮೂಟೆ ಬಂದವು. ತಂದ ಡ್ರೈವರ್ ಸೋಮವಾರಪೇಟೆ ಕಡೆಯವರು, ನಲವತ್ತೈದರ ಆಸುಪಾಸು, ನಾಲ್ಕೈದು ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದವರು. ಮಾತು ಕಡಿಮೆ. ಚೀಟಿ ತೆಗೆದುಕೊಳ್ಳುವಾಗ ಪ್ರತಿ ಸಲ ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದರು, ಕಾಗದ ಕೊಳೆಯಾಗಬಾರದು ಅಂತ. ಲೋಡ್ ತೂಕ ಬರೆದೆ. ಅವರು ಒಳಗೆ ಹೋಗಿ ಮೂಟೆ ಇಳಿಸಿ, ಒಂದು ಗಂಟೆ ಹೊತ್ತಿಗೆ ಖಾಲಿ ಲಾರಿಯನ್ನು ಅಟ್ಟಣೆ ಮೇಲೆ ತಂದರು. ಅವರಿಗಿಂತ ಸ್ವಲ್ಪ ಮೊದಲು ಇನ್ನೊಂದು ಎಸ್ಟೇಟಿನ ಖಾಲಿ ಲಾರಿ ತೂಗಿ ಹೋಗಿತ್ತು. ಪರದೆಯಲ್ಲಿ 5,720 ಇತ್ತು. ಒತ್ತಿದೆ. ಚೀಟಿ ಬಂತು.

ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಬರೆದು ಕಳಿಸಿದ್ದು ಎಂಟು ಟನ್. ನಮ್ಮ ಚೀಟಿಯಲ್ಲಿ ಅದಕ್ಕಿಂತ ಆರುನೂರು ಕಿಲೋ ಕಡಿಮೆ. ಅಷ್ಟು ವ್ಯತ್ಯಾಸ ಬಂದರೆ ಮ್ಯಾನೇಜರಿಗೆ ಹೇಳಬೇಕು ಅನ್ನುವುದು ನಿಯಮ. ಹೇಳಿದೆ.

ಮ್ಯಾನೇಜರ್ ಬಂದರು. ಅಷ್ಟರಲ್ಲಿ ಮೂಟೆಗಳ ಹೊಲಿಗೆ ಬಿಚ್ಚಿ ಕಾಫಿಯನ್ನು ಮೆಷಿನ್ನಿಗೆ ಕಾಫಿ ಒದಗಿಸುವ ನೆಲದ ಗುಂಡಿಗೆ ಸುರಿದಾಗಿತ್ತು. ಖಾಲಿ ಚೀಲ ಎಣಿಸಿದರು, ನೂರ ಅರವತ್ತು ಸರಿಯಾಗಿತ್ತು. ಅದರಿಂದ ಅನುಮಾನ ಹೋಗಲಿಲ್ಲ, ಹೆಚ್ಚಾಯಿತು. ಮಾದರಿ ತೆಗೆಯುವ ಟೊಳ್ಳು ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದೊಂದರಿಂದಲೂ ನಾಲ್ಕು ಕಿಲೋದಷ್ಟು ಇಳಿಸಿಕೊಳ್ಳುವ ಕಳ್ಳತನ ಈ ಕಡೆ ಎಲ್ಲರಿಗೂ ಗೊತ್ತಿರುವುದೇ. ರೈಟರಿಗೆ ಫೋನ್ ಮಾಡಿದರೆ, ಲಾರಿ ಎಂಟಕ್ಕೇ ಹೊರಟಿತ್ತು ಅಂದರು. ಒಂದು ಗಂಟೆಯ ದಾರಿ, ನಮ್ಮ ಗೇಟಿಗೆ ಬಂದದ್ದು ಹನ್ನೊಂದಕ್ಕೆ. ದಾರಿಯಲ್ಲಿ ಟೈರು ಪಂಕ್ಚರ್ ಆಗಿತ್ತು, ತಾನೇ ಬದಲಾಯಿಸಿದೆ ಅಂತ ಡ್ರೈವರ್ ಹೇಳಿದರು. ನೋಡಿದವರು ಯಾರೂ ಇರಲಿಲ್ಲ.

ಅವರು ನನ್ನ ಕಿಟಕಿ ಹತ್ತಿರ ಬಂದು, "ಇನ್ನೊಂದ್ ಸಲ ತೂಗಿ ನೋಡಿ ಮೇಡಂ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್, ಕಾಫಿ ಗುಂಡಿಗೆ ಹೋಗಿದೆ, ಇನ್ನು ಏನು ತೂಗುವುದು ಅಂದರು. ಖಾಲಿ ಲಾರಿಯನ್ನು ಮತ್ತೆ ತೂಗಬಹುದಿತ್ತು. ಅದು ನನಗೆ ಹೊಳೆಯಿತು. ಆದರೆ ಹಿಂದೆ ಏಳು ಲಾರಿ ನಿಂತಿದ್ದವು, ಮ್ಯಾನೇಜರ್ ಸಿಟ್ಟಿನಲ್ಲಿದ್ದರು, ಖಾಲಿ ತೂಕದಲ್ಲಿ ಏನು ತಪ್ಪಿರುತ್ತದೆ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಮುಂದಿನ ಲಾರಿಯ ನಂಬರು ಹಾಕತೊಡಗಿದೆ.

ವಾಚ್‌ಮನ್ ಲಾರಿಯ ಸೀಟು ಎತ್ತಿ ನೋಡಿದ, ಟಾರ್ಪಾಲು ಬಿಡಿಸಿದ, ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದ. ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಇಳಿದು ನೋಡುತ್ತಿದ್ದರು. ಆಮೇಲೆ ಆ ಡ್ರೈವರನ್ನು ಗೇಟಿನ ಪಕ್ಕದ ಸಿಮೆಂಟ್ ಕಟ್ಟೆ ಮೇಲೆ ಕೂರಿಸಿದರು. ಲಾರಿಯ ಮಾಲೀಕರು ಮೂರ್ನಾಡಿನಿಂದ ಬರುವ ಹೊತ್ತಿಗೆ ಐದು ದಾಟಿತ್ತು. ಅಲ್ಲಿಯವರೆಗೂ ಅವರು ಕೂತೇ ಇದ್ದರು. ನನ್ನ ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಮಾಲೀಕರು ಒಂದೆರಡು ಮಾತಾಡಿ ಕೀ ತೆಗೆದುಕೊಂಡರು, ಜೊತೆಗೆ ತಂದಿದ್ದ ಇನ್ನೊಬ್ಬ ಡ್ರೈವರಿಗೆ ಕೊಟ್ಟರು. ಕಟ್ಟೆ ಮೇಲಿದ್ದವರು ಎದ್ದು, ಊಟದ ಡಬ್ಬಿ ಹಿಡಿದುಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದರು.

ಮಾರನೆ ದಿನ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋದೆ. ಏನನ್ನು ಹುಡುಕಬೇಕು ಅಂತ ನನಗೆ ಗೊತ್ತಿತ್ತು ಅಂತಲೇ ಹೇಳಬೇಕು. ಕಂಪ್ಯೂಟರಿನಲ್ಲಿ ಆ ಲಾರಿಯ ನಂಬರು ಹಾಕಿ ಹಳೆಯ ಖಾಲಿ ತೂಕಗಳನ್ನು ತೆಗೆದೆ. 5,100. 5,090. 5,110. ಡೀಸೆಲ್ ಎಷ್ಟಿದೆ ಅನ್ನುವುದರ ಮೇಲೆ ಹತ್ತಿಪ್ಪತ್ತು ಕಿಲೋ ಆಚೀಚೆ, ನಾಲ್ಕು ವರ್ಷದಲ್ಲಿ ಅದಕ್ಕಿಂತ ಹೆಚ್ಚು ಬದಲಾದದ್ದೇ ಇಲ್ಲ. ಹಿಂದಿನ ದಿನ ಮಾತ್ರ 5,720. ಅದಕ್ಕೆ ಮೊದಲು ತೂಗಿದ ಇನ್ನೊಂದು ಲಾರಿಯ ಚೀಟಿ ತೆಗೆದೆ. ಅದರ ಖಾಲಿ ತೂಕವೂ 5,720.

ಮೊದಲ ಲಾರಿ ಅಟ್ಟಣೆಯಿಂದ ಇಳಿದಾಗ ಪರದೆಯ ಅಂಕಿ ಸೊನ್ನೆಗೆ ಬರಬೇಕಿತ್ತು. ಸಂಪರ್ಕ ತಪ್ಪಿದ್ದರಿಂದ ಬರಲಿಲ್ಲ. ಹೋದ ಲಾರಿಯ ತೂಕವೇ ಅಲ್ಲಿ ನಿಂತಿತ್ತು, ಬಂದ ಲಾರಿಗೆ ನಾನು ಅದನ್ನು ಬರೆದೆ. ಬೆನ್ನ ಹಿಂದೆ ಇಂಡಿಕೇಟರ್ ಸರಿಯಾದ ತೂಕವನ್ನು ತೋರಿಸುತ್ತಿದ್ದಿರಬೇಕು. ಮಳೆಗಾಲದಲ್ಲಿ ಚೌಕ, ಪ್ರಶ್ನೆ ಗುರುತು ಬಂದಾಗ ತಪ್ಪು ಅಂತ ಒಂದು ಮಗುವಿಗೂ ಗೊತ್ತಾಗುತ್ತಿತ್ತು. ಈ ತಪ್ಪು ಮಾತ್ರ ಸರಿಯಾದ ತೂಕದ ಹಾಗೆಯೇ ಇತ್ತು.

ಮ್ಯಾನೇಜರಿಗೆ ಎರಡೂ ಚೀಟಿ ತೋರಿಸಿದೆ. ಕೇಬಲ್ ಲೂಸ್ ಇತ್ತು ಸಾರ್, ಅಂದೆ. ಟಿಕ್ಕಿನ ವಿಷಯ ಹೇಳಲಿಲ್ಲ. ಅವರು ಚೀಟಿಗಳನ್ನು ನೋಡಿ, ಮೂರ್ನಾಡಿನ ಮಾಲೀಕರಿಗೂ ಎಸ್ಟೇಟಿಗೂ ಫೋನ್ ಮಾಡಿ ವಿಷಯ ತಿಳಿಸಿದರು. ಎಲೆಕ್ಟ್ರಿಷಿಯನ್ ಬಂದು ಕನ್ವರ್ಟರನ್ನು ಕ್ಲಿಪ್ ಹಾಕಿ ಬಿಗಿದ. ನಾನು ಯಾರೂ ಇಲ್ಲದಾಗ ಸೆಟ್ಟಿಂಗ್ ತೆರೆದು ಟಿಕ್ ತೆಗೆದೆ. ಮಾಲೀಕರು ಡ್ರೈವರಿಗೆ ಫೋನ್ ಮಾಡಿ ಕೆಲಸಕ್ಕೆ ಬಾ ಅಂದರಂತೆ, ಅವರು ಬರುವುದಿಲ್ಲ ಅಂದರಂತೆ. ಮ್ಯಾನೇಜರ್ ಇದನ್ನು ನನಗೆ ಹೇಳಿದ್ದು ಅದು ಅಲ್ಲಿಗೆ ಮುಗಿಯಿತು ಅನ್ನುವ ಧಾಟಿಯಲ್ಲಿ.

ಎರಡು ವಾರ ಬಿಟ್ಟು ಒಂದು ಭಾನುವಾರ ಸೋಮವಾರಪೇಟೆ ಬಸ್ ಹತ್ತಿದೆ. ಯಾಕೆ ಹೋದೆ ಅಂತ ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ಮನೆಯಲ್ಲಿ ಕೂತರೆ ಆ ಬೆನ್ನು ನೆನಪಾಗುತ್ತಿತ್ತು. ಮನೆ ಎಲ್ಲಿ ಅಂತ ಇನ್ನೊಬ್ಬ ಡ್ರೈವರನ್ನು ಕೇಳಿ ತಿಳಿದುಕೊಂಡಿದ್ದೆ. ಊರಿನಿಂದ ಆಟೋದಲ್ಲಿ ಹದಿನೈದು ನಿಮಿಷ. ಅವರು ಅಂಗಳದಲ್ಲಿ ಚಾಪೆ ಮೇಲೆ ಕಾಳುಮೆಣಸು ಹರಡುತ್ತಿದ್ದರು. ನನ್ನನ್ನು ಕಂಡು ಎದ್ದು, ಒಳಗೆ ನೋಡಿ ಕಾಫಿ ಮಾಡು ಅಂದರು. ಅವರ ಹೆಂಡತಿ ಬಂದು ನನ್ನನ್ನು ನೋಡಿ ಒಳಗೆ ಹೋದರು.

ಎರಡು ಚೀಟಿಗಳ ನಕಲು ತೆಗೆದುಕೊಂಡು ಹೋಗಿದ್ದೆ. ಅವರ ಕೈಗೆ ಕೊಟ್ಟು, ಏನಾಯಿತು ಅಂತ ಮೊದಲಿನಿಂದ ಹೇಳಿದೆ: ಪೆಟ್ಟಿಗೆ, ವೈರು, ಸಂಪರ್ಕ ತಪ್ಪಿದ್ದು, ಹಳೆಯ ಅಂಕಿ ನಿಂತದ್ದು. ಅವರು ಎರಡು ಚೀಟಿಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರು.

"ವೈರು ಬಿಟ್ಟೋಯ್ತು, ಸರಿ. ಬಿಟ್ಟೋಗಿದೆ ಅಂತ ನಿಮ್ಗೆ ಗೊತ್ತಾಗೋದೇ ಇಲ್ವಾ?" ಅಂದರು.

"ಗೊತ್ತಾಗೋ ಹಂಗೆ ಇತ್ತು," ಅಂದೆ. "ಬೀಪ್ ಹೊಡೀತಿತ್ತು. ಲಾರಿ ಸಾಲು ನಿಲ್ಲುತ್ತೆ ಅಂತ ನಾನೇ ಅದನ್ನ ಬಂದ್ ಮಾಡ್ದೆ. ಮ್ಯಾನೇಜರ್‌ಗೂ ಹೇಳಿಲ್ಲ. ನಿಮ್ಗೇ ಮೊದ್ಲು ಹೇಳ್ತಿರೋದು."

ಅವರು ಚೀಟಿಗಳನ್ನು ಮಡಚಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವರು ಹೇಳಿದ್ದು ಊಟದ ಡಬ್ಬಿಯ ಬಗ್ಗೆ. ಸೀಟು ಎತ್ತಿ ನೋಡಿದ್ದಕ್ಕೆ ಬೇಜಾರಿಲ್ಲ, ಅದು ಅವರ ಕೆಲಸ. ಆದರೆ ಅನ್ನದ ಡಬ್ಬಿಯಲ್ಲಿ ಕಾಫಿ ಕದ್ದಿಡುತ್ತಾರಾ, ಅಷ್ಟು ಜನರ ಮುಂದೆ ಅದನ್ನು ಬಿಚ್ಚಿದರಲ್ಲ ಅಂದರು. ಆಮೇಲೆ ಚೀಟಿಗಳನ್ನು ನನಗೇ ವಾಪಸ್ ಕೊಟ್ಟರು.

"ಇದನ್ನ ನಂಗೆ ಹೇಳಿದ್ರೆ ಎಂಥ ಬಂತು ಮೇಡಂ? ನಾನು ಕದ್ದಿಲ್ಲ ಅಂತ ನಂಗೆ ಗೊತ್ತು. ಅವತ್ತು ಅಲ್ಲಿ ನಿಂತಿದ್ರಲ್ಲ, ಅವ್ರಿಗೆ ಹೇಳಿ."

ಕಾಫಿ ಬಂತು. ಕುಡಿದು ಹೊರಟೆ. ಅವರು ಆಟೋ ಸಿಗುವ ಜಾಗದವರೆಗೆ ಜೊತೆಗೆ ಬಂದರು, ದಾರಿಯಲ್ಲಿ ಈ ವರ್ಷ ಮೆಣಸಿಗೆ ರೋಗ ಬಂದಿದೆ ಅಂತ ಮಾತಾಡಿದರು.

ಸೋಮವಾರ ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಒಂಬತ್ತು ಲಾರಿ ನಿಂತಿದ್ದವು. ನಾನು ಚೀಟಿಗಳನ್ನು ಹಿಡಿದು ಸಾಲಿನ ಮೊದಲ ಲಾರಿಯ ಹತ್ತಿರ ಹೋದೆ. ಎಲ್ಲರನ್ನೂ ಸೇರಿಸಿ ಹೇಳುವ ಧೈರ್ಯ ಇರಲಿಲ್ಲ, ಒಬ್ಬೊಬ್ಬರಿಗೇ ಹೇಳಿದೆ. ಅವತ್ತು ಕಟ್ಟೆ ಮೇಲೆ ಕೂರಿಸಿದ್ದರಲ್ಲ, ಅವರು ಏನೂ ಕದ್ದಿರಲಿಲ್ಲ, ತೂಕ ತಪ್ಪಾದದ್ದು ನನ್ನಿಂದ, ನೋಡಿ ಅಂತ ಚೀಟಿ ತೋರಿಸಿದೆ. ಒಬ್ಬರು ನಿದ್ದೆಗಣ್ಣಲ್ಲಿ ಹೂಂ ಅಂದರು. ಇನ್ನೊಬ್ಬರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ಪಕ್ಕದವರು ಮಲಯಾಳಂನಲ್ಲಿ ಹೇಳಿದರು. ಐದನೆಯವರು ಲಾರಿಯಿಂದ ಇಳಿದು, ಹಾಗಾದ್ರೆ ನನ್ನ ಲಾರಿಗೂ ಹೀಗೆ ಆಗಿರಬಹುದಲ್ಲ ಅಂತ ಕೇಳಿದರು. ಆಗಿರಬಹುದು ಅಂದೆ. ಆ ವಾರ ಬಂದ ಬೇರೆ ಲಾರಿಯವರಿಗೂ ಹಾಗೆಯೇ ಹೇಳಿದೆ. ವಾಚ್‌ಮನ್‌ಗೂ ಹೇಳಿದೆ. ಅವನು ನೆಲ ನೋಡಿಕೊಂಡು, ನಂಗೆ ನೋಡು ಅಂದ್ರು, ನಾನು ನೋಡ್ದೆ ಅಂದ.

ಸೋಮವಾರ ಮಧ್ಯಾಹ್ನವೇ ಮ್ಯಾನೇಜರಿಗೆ ಸುದ್ದಿ ಹೋಗಿತ್ತು. ಒಳಗೆ ಕರೆಸಿದರು. ಟಿಕ್ಕಿನ ವಿಷಯ ಪೂರ್ತಿ ಹೇಳಿದೆ. ಅವರು ಕೂಗಾಡುವ ಮನುಷ್ಯ ಅಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ರೋಡಲ್ಲಿ ಹೇಳೋ ಮೊದ್ಲು ನಂಗೆ ಹೇಳ್ಬೇಕಿತ್ತು ಅಲ್ವಾ ನೀನು?" ಅಂದರು. ಹೌದು ಅಂದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಒಂದು ಮೆಮೋ ಬಂತು. ಟಿಕ್ ಹಾಕಿದ ದಿನದಿಂದ ತೆಗೆದ ದಿನದವರೆಗಿನ ಅಷ್ಟೂ ಚೀಟಿಗಳನ್ನು ಮತ್ತೆ ನೋಡಬೇಕು ಅಂದರು.

ಹದಿನೆಂಟು ದಿನ ಸಂಜೆ ಲಾರಿಗಳೆಲ್ಲ ಹೋದ ಮೇಲೆ ಕೂತು ನೋಡಿದೆ. ಒಂದರ ಹಿಂದೊಂದು ತೂಗಿದ ಎರಡು ಲಾರಿಗಳ ತೂಕ ಒಂದೇ ಆಗಿದೆಯಾ, ಆ ಲಾರಿಯ ಹಳೆಯ ಖಾಲಿ ತೂಕಕ್ಕೆ ಹೊಂದುತ್ತದೆಯಾ, ಅಷ್ಟೇ. ಇನ್ನೂ ಎರಡು ಸಿಕ್ಕವು. ಒಂದರಲ್ಲಿ ಎಸ್ಟೇಟಿಗೆ ಎಪ್ಪತ್ತು ಕಿಲೋ ಕಡಿಮೆ ಆಗಿತ್ತು, ಇನ್ನೊಂದರಲ್ಲಿ ನಲವತ್ತು ಕಿಲೋ ಹೆಚ್ಚು. ವ್ಯತ್ಯಾಸ ಚಿಕ್ಕದಾದ್ದರಿಂದ ಆಗ ಯಾರೂ ಕೇಳಿರಲಿಲ್ಲ. ಎರಡೂ ಎಸ್ಟೇಟಿಗೆ ಪತ್ರ ಹೋಯಿತು. ಮೈಸೂರಿನಿಂದ ರಿಪೇರಿಯವರನ್ನು ಕರೆಸಿ, ಇಂಡಿಕೇಟರನ್ನು ಶೆಲ್ಫಿನಿಂದ ತೆಗೆದು ಡ್ರೈವರಿಗೂ ನನಗೂ ಕಾಣುವ ಹಾಗೆ ಕಿಟಕಿಯಲ್ಲಿ ಇಡಿಸಿದೆವು. ನಡೆದದ್ದನ್ನು ಅವರಿಗೂ ಹೇಳಿದೆ. ಇಷ್ಟು ವರ್ಷದಲ್ಲಿ ಆ ಟಿಕ್ ಹಾಕಿದ ಎಷ್ಟೋ ಕಡೆ ನೋಡಿದ್ದೇನೆ ಅಂದರು ಅವರು. ನನ್ನನ್ನು ಸಮಾಧಾನ ಮಾಡಲು ಅಂದರೋ, ಬರೀ ಇದ್ದದ್ದನ್ನು ಅಂದರೋ ತಿಳಿಯಲಿಲ್ಲ.

ಆ ಡ್ರೈವರ್ ಆ ಸೀಸನ್ ಪೂರ್ತಿ ಬರಲಿಲ್ಲ. ಮುಂದಿನ ವರ್ಷ ಜನವರಿಯಲ್ಲಿ ಬೇರೊಬ್ಬ ಮಾಲೀಕರ ಲಾರಿ ತಂದರು. ಸಾಲಿನಲ್ಲಿದ್ದ ಇಬ್ಬರು ಮೂವರು ಅವರನ್ನು ಕಂಡು ಇಳಿದು ಹೋಗಿ ಮಾತಾಡಿಸಿದರು. ಅವರು ಅಟ್ಟಣೆ ಹತ್ತಿಸಿ, ಎಂಜಿನ್ ನಿಲ್ಲಿಸಿ, ಕಿಟಕಿಯ ಹತ್ತಿರ ಬಂದರು. ನಾನು ಇಂಡಿಕೇಟರ್ ನೋಡಿ, ಪರದೆ ನೋಡಿ, ತೂಕವನ್ನು ಗಟ್ಟಿಯಾಗಿ ಓದಿದೆ. ಅವರು ಕೆಂಪು ಅಂಕಿಗಳ ಕಡೆ ನೋಡಲಿಲ್ಲ. ನನ್ನ ಮೇಲೆ ನಂಬಿಕೆ ಇಟ್ಟು ನೋಡಲಿಲ್ಲವೋ, ನೋಡಿ ಆಗಬೇಕಾದ್ದೇನು ಅಂತ ಬಿಟ್ಟರೋ, ಕೇಳುವ ಸಲುಗೆ ನನಗಿರಲಿಲ್ಲ. ಅಂಗಿಗೆ ಕೈ ಒರೆಸಿಕೊಳ್ಳದೆಯೇ ಚೀಟಿ ತೆಗೆದುಕೊಂಡು, ಸರಿ ಮೇಡಂ ಅಂದು, ಲಾರಿಯನ್ನು ಶೆಡ್ಡಿನ ಕಡೆಗೆ ತಿರುಗಿಸಿದರು.